ಸುಟ್ಟ ಡಬ್ಬಿ

ಚೆನ್ನೈನ ವಡಪಳನಿಯ ಪಂಢರಿನಾಥನಿಗೆ ಇಂಗ್ಲೆಂಡಿನ ಪೊಲೀಸರ ಮೇಲಿದ್ದ ನಂಬಿಕೆ ಮುರುಗನ ಮೇಲೂ ಇರಲಿಲ್ಲ. ದೇವಸ್ಥಾನ ಮನೆಯಿಂದ ಕೂಗಳತೆಯಲ್ಲಿತ್ತು. ಅಲ್ಲಿಗೆ ಹೋಗುತ್ತಿದ್ದದ್ದು ಕೃತ್ತಿಕೆಗೊಮ್ಮೆ. ಟಿವಿ ಮುಂದೆ ಕೂರುತ್ತಿದ್ದದ್ದು ಮಾತ್ರ ದಿನಾ. ಮಗಳು ಹಾಕಿಕೊಟ್ಟು ಹೋದ ಆ್ಯಪಿನಲ್ಲಿ ಬ್ರಿಟಿಷ್ ಕ್ರೈಂ ಧಾರಾವಾಹಿಗಳು ರಾಶಿ ಬಿದ್ದಿದ್ದವು. ಮಂಜು ಕವಿದ ಒಂದು ಊರು, ಒಂದು ಹೆಣ, ಉದ್ದ ಕೋಟಿನ ಒಬ್ಬ ಸಿಡುಕು ಮೋರೆಯ ಇನ್ಸ್‌ಪೆಕ್ಟರ್. ಅವನನ್ನು ಮನೆಯಲ್ಲಿ ಹೆಂಡತಿ ಮಾತಾಡಿಸುವುದಿಲ್ಲ, ಸ್ಟೇಷನ್ನಿನಲ್ಲಿ ಮೇಲಧಿಕಾರಿ ನೆಮ್ಮದಿಯಾಗಿ ಬಿಡುವುದಿಲ್ಲ. ಆದರೂ ಹಳೇ ಕೇಸನ್ನು ಕೆದಕಿ ಕೆದಕಿ ಕೊನೆಯ ಎಪಿಸೋಡಿನಲ್ಲಿ ಸತ್ಯವನ್ನು ಹೊರಗೆಳೆದೇ ತೀರುತ್ತಾನೆ. "ನೋಡು, ಎಷ್ಟು ವರ್ಷ ಆದ್ರೂ ಅವ್ರು ಬಿಡೋದಿಲ್ಲ" ಎಂದು ಪಂಢರಿನಾಥ ಗಟ್ಟಿಯಾಗಿ ಹೇಳುತ್ತಿದ್ದ. ಹೆಂಡತಿ ತೀರಿಕೊಂಡ ಮೇಲೆ ಅದನ್ನು ಕೇಳುವುದಕ್ಕೆ ಆ ಮನೆಯಲ್ಲಿ ಯಾರೂ ಇರಲಿಲ್ಲ.

ಅವನಿಗೂ ಒಂದು ಹಳೇ ಕೇಸಿತ್ತು. ಕನ್ನಡ ಸಿನಿಮಾಗಳ ಹಾಡುಗಳೂ ಮದರಾಸಿನ ಕೋಡಂಬಾಕ್ಕಂನಲ್ಲೇ ರೆಕಾರ್ಡ್ ಆಗುತ್ತಿದ್ದ ಕಾಲದಲ್ಲಿ, ಮೀಸೆ ಸರಿಯಾಗಿ ಮೂಡುವ ಮೊದಲೇ, ಪಂಢರಿನಾಥ ಮೈಸೂರಿನಿಂದ ಬಂದು ಒಂದು ಸ್ಟುಡಿಯೋದ ಟೇಪು ಕೋಣೆ ಸೇರಿದ್ದ. ಅಲ್ಲಿನ ರೆಕಾರ್ಡಿಸ್ಟ್ ಗಿರಿಧರ್ ಕೂಡ ಮೈಸೂರಿನವರೇ. ಕೆಲಸ ಕಲಿಸಿದವರು ಅವರು, ಉಳಿಯಲು ಮನೆ ಹುಡುಕಿಕೊಟ್ಟವರು ಅವರು, ಹೆಣ್ಣು ನೋಡಲು ಜೊತೆಗೆ ಬಂದವರೂ ಅವರೇ. ಕನ್ನಡ ಸಿನಿಮಾ ಗಂಟುಮೂಟೆ ಕಟ್ಟಿಕೊಂಡು ಬೆಂಗಳೂರಿಗೆ ಹೋದ ಮೇಲೂ ಇಬ್ಬರೂ ಇಲ್ಲೇ ಉಳಿದರು. ಆಮೇಲೊಂದು ದಿನ ಟೇಪು ಕೋಣೆಗೆ ಬೆಂಕಿ ಬಿತ್ತು. ಮಾರನೆಯ ಬೆಳಿಗ್ಗೆ ಗಿರಿಧರ್ ಕರಕಲಾದ ಟೇಪು ಡಬ್ಬಿಗಳನ್ನು ಆಟೋದಲ್ಲಿ ತುಂಬಿಕೊಂಡು ಮನೆಗೆ ಹೋದರು. ಯಾಕೆ ಎಂದರೆ, ಕಸಕ್ಕೆ ಹಾಕಲು ಕೈ ಬರಲಿಲ್ಲ, ಅಷ್ಟೇ. ಅದನ್ನು ಗೇಟಿನ ವಾಚ್‌ಮನ್ ನೋಡಿದ. ಊರು ಕಥೆ ಕಟ್ಟಿತು: ಒಳ್ಳೆಯ ಟೇಪುಗಳನ್ನೆಲ್ಲ ವಿದೇಶಕ್ಕೆ ಮಾರಿ, ಖಾಲಿ ಕೋಣೆಗೆ ಬೆಂಕಿ ಹಚ್ಚಿದ ಅಂತ.

ಗಿರಿಧರ್‌ಗೆ ಆಮೇಲೆ ಯಾವ ಸ್ಟುಡಿಯೋದವರೂ ಕೆಲಸ ಕೊಡಲಿಲ್ಲ. ಕಳ್ಳ ಅನ್ನಿಸಿಕೊಂಡೇ ಸತ್ತರು. ಅವರ ಹೆಂಡತಿ ಸೀತಾ ಡಬ್ಬಿಗಳನ್ನು ಗುಜರಿಗೆ ಹಾಕಿ ಒಂದನ್ನು ಮಾತ್ರ ಉಳಿಸಿಕೊಂಡು ಬಾಗಿಲ ಹತ್ತಿರ ರಂಗೋಲಿ ಪುಡಿಗೆ ಇಟ್ಟಿದ್ದಳು. ಅದರ ಒಂದು ಮಗ್ಗುಲು ಕಪ್ಪಗೆ ಸೊಟ್ಟಗಾಗಿತ್ತು. ಹೋದಾಗಲೆಲ್ಲ ಪಂಢರಿನಾಥನ ಕಣ್ಣು ಮೊದಲು ಹೋಗುತ್ತಿದ್ದದ್ದು ಅದರ ಮೇಲೇ.

ಹೀಗಿರುವಾಗ ಲಂಡನ್ನಿನ ಟಿವಿಯವರು ಬಂದರು. ಮದರಾಸಿನ ಹಳೇ ಸಿನಿಮಾ ಹಾಡುಗಳಿಗೆ ಅಲ್ಲಿನ ಹುಡುಗರು ಈಗ ಕ್ಲಬ್ಬುಗಳಲ್ಲಿ ಕುಣಿಯುತ್ತಾರಂತೆ. ಆ ಹಾಡುಗಳು ಅಲ್ಲಿಗೆ ಹೋದದ್ದು ಹೇಗೆ ಎಂಬುದರ ಮೇಲೆ ಒಂದು ಸಾಕ್ಷ್ಯಚಿತ್ರ. ಪಂಢರಿನಾಥನಿಗೆ ಸ್ವರ್ಗಕ್ಕೆ ಮೂರೇ ಗೇಣು. ಇವರು ಬಿಡೋದಿಲ್ಲ ಎಂದು ಅವನಿಗೆ ಗೊತ್ತಿತ್ತಲ್ಲ! ನೆಟ್ಟಗೆ ಸೀತಾಳ ಮನೆಗೆ ಹೋದ.

"ಅತ್ತಿಗೆ, ಇಡೀ ಪ್ರಪಂಚದ ಮುಂದೆ ಹೇಳ್ತೀನಿ. ಸಾರ್ ಹೆಸರು ತೊಳೆದು ಕೊಡ್ತೀನಿ."

"ಈಗ್ಯಾಕೆ ಪಂಢರಿ? ಜನ ಮರೆತಿದಾರೆ. ಬಿಟ್ಬಿಡಿ" ಎಂದಳು ಸೀತಾ.

ಬಿಡುವ ಆಸಾಮಿಯೇ ಅವನು? ಇಸ್ತ್ರಿ ಅಂಗಿ ತೊಟ್ಟು ಕ್ಯಾಮೆರಾದ ಮುಂದೆ ಕೂತ. ಇಂಗ್ಲಿಷ್ ಡೈರೆಕ್ಟರಿಗೆ ಅವನು ತಾಯಿನುಡಿಯಲ್ಲೇ ಮಾತಾಡಬೇಕಿತ್ತು. ಅದರಲ್ಲಿ ಮಣ್ಣಿನ ವಾಸನೆ ಇರುತ್ತದಂತೆ. ದುಭಾಷಿಯಾಗಿ ಬಂದಿದ್ದ ಯಾಳಿನಿ ಮೈಲಾಪುರದ ತಮಿಳು ಹುಡುಗಿ. ಕನ್ನಡದವರನ್ನೊಬ್ಬರನ್ನು ಕರೆಸೋಣವೇ ಎಂದು ಅವಳು ಕೇಳಿದ್ದುಂಟು. ಬೇಡ ಅಂದವನು ಪಂಢರಿನಾಥನೇ.

"ಯಾಕಮ್ಮಾ? ನನ್ನ ಕನ್ನಡ ಅರ್ಧ ತಮಿಳೇ. ಎಲ್ಲಾ ಪುರಿಯುಂ" ಎಂದು ನಕ್ಕ. ಎಲ್ಲಾ ಅರ್ಥವಾಗುತ್ತದಂತೆ! ತನ್ನ ಕಾಲ ಮೇಲೆ ತಾನೇ ಕಲ್ಲು ಎತ್ತಿಹಾಕಿಕೊಳ್ಳುವವನನ್ನು ಯಾರು ತಡೆಯಲಾದೀತು.

ಆ ಬೆಳಿಗ್ಗೆ ಆಟೋದಲ್ಲಿ ಹೋದ ಡಬ್ಬಿಗಳಲ್ಲಿ ಏನಿತ್ತು ಎಂದು ಡೈರೆಕ್ಟರ್ ಕೇಳಿದ. ಇಷ್ಟು ವರ್ಷ ಕಾದದ್ದು ಈ ಪ್ರಶ್ನೆಗೇ. ಪಂಢರಿನಾಥ ಮುಂದಕ್ಕೆ ಬಾಗಿದ. "ಅದೆಲ್ಲಾ ಸುಟ್ಟದ್ದು. ಗಿರಿಧರ್ ಸಾರ್ ರೂಮಲ್ಲಿದ್ದದ್ದೆಲ್ಲಾ ಸುಟ್ಟದ್ದೇ. ಒಂದೂ ಮಿಚ್ಚಂ ಇಲ್ಲ" ಎಂದ. ಒಂದೂ ಉಳಿದಿರಲಿಲ್ಲ ಎಂಬುದಕ್ಕೆ ಅವನ ಬಾಯಿಗೆ ಬಂದದ್ದು ಆ ತಮಿಳು ಮಾತು. ಕಣ್ಣಲ್ಲಿ ನೀರು ಬಂತು. ಡೈರೆಕ್ಟರ್ ಬಂದು ಹೆಗಲ ಮೇಲೆ ಕೈಯಿಟ್ಟ. ಕೆಲಸ ಮುಗಿಯಿತು ಎಂದುಕೊಂಡು ಪಂಢರಿನಾಥ ಹಗುರಾಗಿ ಮನೆಗೆ ಬಂದ.

ಚಿತ್ರ ಬಂದದ್ದು ಒಂದು ಭಾನುವಾರ. ಎಲ್ಲರಿಗೂ ಫೋನ್ ಮಾಡಿ ನೋಡಿ ಅಂದಿದ್ದ. ಸೀತಾಳಿಗೂ. ಹಾಡು, ಕುಣಿತ, ಲಂಡನ್ನಿನ ಅಂಗಡಿ ಎಲ್ಲ ಆದ ಮೇಲೆ ಪರದೆಯ ಮೇಲೆ ಅವನ ಮುಖ ಬಂತು. "ಅದೆಲ್ಲಾ" ಎನ್ನುವಷ್ಟು ಮಾತ್ರ ಅವನ ದನಿ ಕೇಳಿಸಿತು. ಮುಂದಿನದ್ದನ್ನು ಮುಚ್ಚಿಹಾಕುವಂತೆ ಒಬ್ಬ ಇಂಗ್ಲಿಷ್ ನಟನ ಗಂಭೀರ ದನಿ ಹೇಳಿತು: ಅದೆಲ್ಲ ಕದ್ದ ಮಾಲು, ಗಿರಿಧರ್ ಕೋಣೆಯಲ್ಲಿದ್ದದ್ದೆಲ್ಲ ಕದ್ದದ್ದೇ, ಯಾವುದೂ ಅದಕ್ಕೆ ಹೊರತಲ್ಲ. ಜೊತೆಗೆ ಪಂಢರಿನಾಥನ ಕಣ್ಣೀರು. ಸತ್ಯ ಒಪ್ಪಿಕೊಂಡವನ ಕಣ್ಣೀರಿನ ಹಾಗೇ ಕಾಣುತ್ತಿತ್ತು ಅದು.

ಕೂಡಲೇ ಯಾಳಿನಿಗೆ ಫೋನ್ ಮಾಡಿದ. "ಸಾರ್, ನೀಂಗದಾನೆ ಸುಟ್ಟದುನ್ನು ಸೊನ್ನೀಂಗ?" ಎಂದಳು ಅವಳು. ಸುಟ್ಟದ್ದು ಎಂದು ನೀವೇ ಹೇಳಿದಿರಲ್ಲ ಎಂದು. ಆಗ ಹೊಳೆಯಿತು ಪಂಢರಿನಾಥನಿಗೆ. ಚೆನ್ನೈ ಬೀದಿಯಲ್ಲಿ ಸುಟ್ಟದು ಎಂದರೆ ಎಗರಿಸಿದ್ದು. ಪರ್ಸು ಸುಟ್ಟ, ಟ್ಯೂನು ಸುಟ್ಟ ಎಂದು ಅವನೇ ಟೀ ಅಂಗಡಿಯಲ್ಲಿ ನೂರು ಸಲ ಆಡಿದ್ದ. ಅವನ ಕನ್ನಡ ಅರ್ಧ ತಮಿಳು ನಿಜ. ಆ ಒಂದು ಮಾತು ಮಾತ್ರ ಅಪ್ಪಟ ಮೈಸೂರಿನದ್ದಾಗಿತ್ತು. ಕನ್ನಡದ ಅರ್ಥ ಬಿಡಿಸಿ ಹೇಳಿದಾಗ ಹುಡುಗಿ ಅತ್ತುಬಿಟ್ಟಳು. ಆಗಲೇ ಲಂಡನ್ನಿಗೆ ಬರೆದಳು. ಸಂಜೆಗೆ ಅಲ್ಲಿಂದ ಬಂದ ಉತ್ತರ ಬಹಳ ಮರ್ಯಾದೆಯದ್ದು: ತುಂಬಾ ವಿಷಾದ, ಪರಿಶೀಲಿಸುತ್ತೇವೆ. ಪರಿಶೀಲನೆ ಮುಗಿಯುವವರೆಗೂ ಚಿತ್ರ ಓಡುತ್ತಲೇ ಇರುತ್ತದೆ.

ಮಾರನೆಯ ಮಧ್ಯಾಹ್ನ ಪಂಢರಿನಾಥ ಸೀತಾಳ ಮನೆ ಮೆಟ್ಟಿಲು ಹತ್ತಿದ. ಕಾಲೇಜಿಗೆ ಹೋಗುವ ಅವಳ ಮೊಮ್ಮಗಳು ಮಧುರಾ ಬಾಗಿಲು ತೆಗೆದವಳೇ ಒಳಗೆ ಹೋದಳು. ಪಂಢರಿನಾಥ ನಿಂತಲ್ಲೇ ಎಲ್ಲ ಹೇಳಿಕೊಂಡ. ಸೀತಾ ತಲೆ ತಗ್ಗಿಸಿ ಕೇಳಿದಳು.

"ನೀವು ಸುಟ್ಟದ್ದು ಅಂತ್ಲೇ ಹೇಳಿರ್ತೀರಿ. ನನಗೆ ಗೊತ್ತಾಯ್ತು" ಎಂದಳು. "ನನಗೆ ಗೊತ್ತಾಗಿ ಏನು ಪ್ರಯೋಜನ? ಮಧುರಾಗೆ ಹೇಳಿ. ನಿನ್ನೆ ಆ ಇಂಗ್ಲಿಷ್ ಮಾತನ್ನ ನನಗೆ ಬಿಡಿಸಿ ಹೇಳಿದವಳು ಅವಳೇ. ತಾತ ಕಳ್ಳ ಅಂತ ಅವಳಿಗೆ ನಿನ್ನೆವರೆಗೂ ಯಾರೂ ಹೇಳಿರ್ಲಿಲ್ಲ."

ಪಂಢರಿನಾಥ ಒಳಗೆ ತಿರುಗಿ ತಮಿಳಿನಲ್ಲೇ ಹೇಳಿದ. "ಎಲ್ಲಾಂ ಎರಿಂಜು ಪೋಚ್ಚುಮಾ." ಎಲ್ಲ ಉರಿದುಹೋಯಿತಮ್ಮಾ ಎಂದು.

"ಅಪ್ಪೊ ಅದನ್ನೇ ಹೇಳ್ಬೇಕಿತ್ತು ತಾತಾ. ಸುಟ್ಟದು ಅಂತ ಯಾಕೆ ಹೇಳಿದ್ರಿ?" ಬಾಗಿಲಿಗೆ ಬಂದ ಮಧುರಾಳದ್ದು ಎಡವುವ ಕನ್ನಡ.

"ಅದು ಕನ್ನಡ ಕಣಮ್ಮಾ. ಸುಟ್ಟದ್ದು ಅಂದ್ರೆ ಉರಿದದ್ದು."

ಅವಳು ಅಜ್ಜಿಯ ಮುಖ ನೋಡಿದಳು. ಇಬ್ಬರು ಮುದುಕರು ಸೇರಿ ಕಥೆ ಕಟ್ಟುತ್ತಿದ್ದಾರೆ ಎಂಬ ಅನುಮಾನ ಆ ಕಣ್ಣಲ್ಲಿ ನೆಟ್ಟಗೆ ಕಾಣುತ್ತಿತ್ತು. ಪಂಢರಿನಾಥನಿಗೆ ಥಟ್ಟನೆ ನೆನಪಾಗಿ, "ಆ ಡಬ್ಬಿ ತಾ ಮಗೂ, ರಂಗೋಲಿ ಡಬ್ಬಿ. ನಿನ್ನ ಕಣ್ಣಾರೆ ನೋಡು, ಹೇಗೆ ಕರಕಲಾಗಿದೆ" ಎಂದು ಬಾಗಿಲ ಮೂಲೆಗೆ ಬಗ್ಗಿದ.

ಮೂಲೆಯಲ್ಲಿ ರಂಗೋಲಿ ಪುಡಿ ಖಾಲಿ ಹಾಲಿನ ಕವರಿನಲ್ಲಿತ್ತು.

"ಬೆಳಿಗ್ಗೆ ಕಸದ ಗಾಡಿಗೆ ಹಾಕ್ಬಿಟ್ಳು" ಎಂದಳು ಸೀತಾ. "ಕದ್ದ ಮಾಲು ಮನೇಲಿ ಯಾಕೆ ಅಜ್ಜೀ ಅಂದ್ಳು. ನಾನು ಏನಂತ ತಡೀಲಿ?"