ಟವೆಲಿನ ಕೆಳಗಿನ ಕೈ

ಕುರುಗೋಡಿನಲ್ಲಿ ಎತ್ತಿನ ದಲ್ಲಾಳಿಯಾಗಿ ಶುರುಮಾಡಿದವನು ನಾನು. ಟವೆಲಿನ ಕೆಳಗೆ ಕೈ ಹಿಡಿದು, ಬೆರಳು ಒತ್ತಿ ರೇಟು ಮುಗಿಸುತ್ತಿದ್ದೆವು. ಸುತ್ತ ನಿಂತವರಿಗೆ ಏನೂ ಗೊತ್ತಾಗುತ್ತಿರಲಿಲ್ಲ. ಈಗ ಬಳ್ಳಾರಿಯ ಸತ್ಯನಾರಾಯಣಪೇಟೆಯ ಮನೆಯಲ್ಲಿ ಕೂತು, ಸಿರುಗುಪ್ಪದ ಭತ್ತವನ್ನು ಫೋನಿನಲ್ಲೇ ಮಾರಿಸಿಕೊಡುತ್ತೇನೆ.

ಮಗಳು ಸಿರುಗುಪ್ಪದಲ್ಲಿ ಟೀಚರ್. ಬೆಳಿಗ್ಗೆ ಬಸ್ಸು ಹತ್ತುವ ಮುಂಚೆ ನಾಲ್ಕು ವರ್ಷದ ಮೊಮ್ಮಗಳನ್ನು ನನ್ನ ಹತ್ತಿರ ಬಿಟ್ಟು ಹೋಗುತ್ತಿದ್ದಳು. ರೇಟು ಮಾತಾಡುವಾಗ ಹಿಂದೆ ಮಗು ಅತ್ತರೆ, ಇವನು ಅವಸರದಲ್ಲಿದ್ದಾನೆ ಎಂದು ಆಚೆಯವನು ಇನ್ನಷ್ಟು ಜಗ್ಗುತ್ತಾನೆ. ಅದಕ್ಕೇ ಅವಳಿಗೆ ನನ್ನ ಹಳೆಯ ವಿದ್ಯೆ ಕಲಿಸಿದೆ. ಟವೆಲಿನ ಕೆಳಗೆ ಕೈ ತೂರಿಸಿ ನನ್ನ ಒಂದು ಬೆರಳು ಒತ್ತಿದರೆ ನೀರು, ಎರಡಕ್ಕೆ ಉಚ್ಚೆ, ಮೂರಕ್ಕೆ ಹಸಿವು. ಬೇಗ ಕಲಿತಳು. ಬಂದವರಿಗೆಲ್ಲ ತೋರಿಸಿ, "ನೀವೂ ಹಿಂಗ ಕಲಸ್ರಿ, ಮನಿ ತಣ್ಣಗ ಇರತೈತಿ" ಎನ್ನುತ್ತಿದ್ದೆ.

ಒಂದು ಮಧ್ಯಾಹ್ನ ಮಿಲ್ಲಿನವರ ಜೊತೆ ಫೋನಿನಲ್ಲಿ ಮಾತು ಎಳೆಯುತ್ತಿತ್ತು. ಮೊಮ್ಮಗಳು ನನ್ನ ಐದೂ ಬೆರಳು ಹಿಡಿದು ಒತ್ತಿದಳು. ಐದಕ್ಕೆ ನಾವು ಏನನ್ನೂ ಗೊತ್ತುಮಾಡಿರಲಿಲ್ಲ. ಆಟವೆಂದುಕೊಂಡು ನಾನೂ ತಿರುಗಿ ಒತ್ತಿದೆ. ಮತ್ತೆ ಒತ್ತಿದಳು. ನಾನೂ ಮತ್ತೆ ಒತ್ತಿದೆ. ವ್ಯಾಪಾರ ಕುದುರುವಷ್ಟರಲ್ಲಿ ಅವಳು ಅಲ್ಲೇ ಮಲಗಿಬಿಟ್ಟಿದ್ದಳು.

ಸಂಜೆ ಮಗಳು ಬಂದು ತಲೆ ಬಾಚಲು ಹೋದರೆ ಮೊಮ್ಮಗಳು ಕಿವಿ ಮುಟ್ಟಗೊಡಲಿಲ್ಲ. ಡಾಕ್ಟರು ಕಿವಿಯಿಂದ ತೆಗೆದದ್ದು ಒಂದು ಭತ್ತದ ಕಾಳು, ನಾನು ಎದುರಿಗೆ ಇಟ್ಟುಕೊಂಡಿದ್ದ ಸ್ಯಾಂಪಲ್ಲಿನದು.

"ಇಷ್ಟು ನೋವಿದ್ರೂ ಯಾಕ ಅಳಲಿಲ್ಲವ್ವಾ?" ಎಂದು ಡಾಕ್ಟರು ಕೇಳಿದರು.

"ತಾತ ಫೋನಿನಾಗ ಇದ್ದ" ಅಂದಳು ಮೊಮ್ಮಗಳು.

ಮನೆಗೆ ಬಂದ ಮೇಲೆ ಮಗಳು, "ಯಪ್ಪಾ, ನಾಳಿಂದ ಇಕಿನ ನನ್ ಕೂಡ ಸಿರುಗುಪ್ಪಕ್ಕ ಕರಕೊಂಡು ಹೋಗ್ತೀನಿ. ಸಾಲಿ ಬಾಜೂಕ ಒಬ್ಬಾಕಿ ಅದಾಳ, ನೋಡಿಕೊಂತಾಳ" ಅಂದಳು.

"ಆಕಿ ಕಡೆ ಫೋನ್ ಇರಂಗಿಲ್ಲೇನು?"

"ಇದರಾಗೂ ಚೌಕಾಸಿ ಮಾಡಬ್ಯಾಡಪ್ಪಾ."

ಮಾಡಲಿಲ್ಲ. ಊಟ ಮಾಡಿದೆ, ಮಲಗಿದೆ.

ಫೋನ್ ಬಿಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ, ಹೊಟ್ಟೆಪಾಡು ಅದರಲ್ಲಿದೆ. ಆದರೆ ಮಗು ಮಧ್ಯೆ ಬಾಯಿ ಹಾಕಿದರೆ ಹಾಕಲಿ ಬಿಡಿ. ವ್ಯಾಪಾರ ಕೆಟ್ಟರೆ ಇನ್ನೊಂದು ಸಿಗುತ್ತದೆ.

ಮರುದಿನ ಬಸ್‌ಸ್ಟ್ಯಾಂಡಿಗೆ ಕಳಿಸಲು ಹೋದೆ. ಮೊಮ್ಮಗಳು ನನ್ನ ಕೈ ಮೇಲಿನ ಟವೆಲಿನ ಕೆಳಗೆ ಕೈ ತೂರಿಸಿದಳು. ಬೆರಳು ಒತ್ತುವ ಮೊದಲೇ ಜೇಬಿನಲ್ಲಿ ಫೋನ್ ಹೊಡೆದುಕೊಂಡಿತು. ನಾನು ತೆಗೆಯಲಿಲ್ಲ. ಅವಳೇ ಕೈ ಹಿಂದಕ್ಕೆ ತೆಗೆದುಕೊಂಡಳು.

"ಫೋನ್ ಬಂತು ತಾತ" ಅಂದು, ಅಮ್ಮನ ಹಿಂದೆ ಬಸ್ಸು ಹತ್ತಿದಳು.