ಕಮಲಾಪುರದ ಎಸಿಗೆ ಹಾಕಿದ ಪಾಳಿ

ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವನು ನಾನೇ ಮೊದಲು. ಇದನ್ನು ಹೇಳಿಕೊಳ್ಳಲು ನನಗೆ ಈಗಲೂ ಸಂಕೋಚವಿಲ್ಲ. ಬಿ.ಎಸ್ಸಿ., ಎಲೆಕ್ಟ್ರಾನಿಕ್ಸ್. ಕಮಲಾಪುರದಿಂದ ದಿನಾ ಬಸ್ಸಿಗೆ ಜೋತುಬಿದ್ದು ಕಲಬುರಗಿಗೆ ಹೋಗಿ ಓದಿದ್ದು. ಅದೇ ಬಸ್ಸಿನಲ್ಲಿ ನನ್ನ ಅಕ್ಕ ಕೆಂಪು ಬಾಳೆಹಣ್ಣಿನ ಬುಟ್ಟಿ ಹೇರಿಕೊಂಡು ಬರುತ್ತಿದ್ದಳು. ನಾನು ಕಾಲೇಜಿಗೆ, ಅವಳು ಮಾರ್ಕೆಟ್ಟಿಗೆ. ಬಸ್ಸಿನಲ್ಲಿ ನನ್ನ ಗೆಳೆಯರಿದ್ದರೆ ಅವಳು ನನ್ನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ನಾನು ಹೇಳಿರಲಿಲ್ಲ, ಅವಳೇ ಹಾಗೆ ಮಾಡುತ್ತಿದ್ದಳು.

ಡಿಗ್ರಿ ಸಿಕ್ಕಿತು, ನೌಕರಿ ಸಿಗಲಿಲ್ಲ. ಕಲಬುರಗಿಯ ಜಗತ್ ಸರ್ಕಲ್ ಹತ್ತಿರ ಒಂದು ಅಂಗಡಿಯ ಮೂಲೆಯಲ್ಲಿ ಟೇಬಲ್ ಹಾಕಿ ಟಿವಿ, ಸ್ಟೆಬಿಲೈಜರ್ ರಿಪೇರಿಗೆ ಕುಳಿತೆ. ತೊಂಬತ್ತರ ದಶಕದ ಕೊನೆಗೆ ರಿಮೋಟ್ ಇರುವ ಎಸಿಗಳು ಊರಿಗೆ ಬಂದವು. ಎಸಿ ಮೆಕ್ಯಾನಿಕ್‌ಗಳು ಗ್ಯಾಸ್ ತುಂಬುವುದರಲ್ಲಿ ಗಟ್ಟಿಗರು, ಆದರೆ ಒಳಗಿನ ಬೋರ್ಡು ಕಂಡರೆ ಹಿಂದೆ ಸರಿಯುತ್ತಿದ್ದರು. ಬೋರ್ಡು ಬಿಚ್ಚಿ ನನ್ನ ಟೇಬಲ್ ಮೇಲೆ ಇಟ್ಟು ಹೋಗುತ್ತಿದ್ದರು. ನನ್ನ ಕೈಗೆ ಬಂದ ಬೋರ್ಡು ಸಾಮಾನ್ಯವಾಗಿ ಎದ್ದು ಕೂರುತ್ತಿತ್ತು. ಆ ಹೆಸರು ನನಗಿತ್ತು.

ಅಷ್ಟರಲ್ಲಿ ಅಕ್ಕ ಬುಟ್ಟಿ ಬಿಟ್ಟಿದ್ದಳು. ಕಮಲಾಪುರದ ಸಾವ್ಕಾರ್ರೊಬ್ಬರು ತಮ್ಮ ಹಳೇ ಕಲ್ಲಿನ ಮನೆಯ ಒಂದು ಕೋಣೆಯಲ್ಲಿ ಕೆಂಪು ಬಾಳೆಯ ಸಸಿ ಬೆಳೆಸುವ ಕೆಲಸ ಶುರು ಮಾಡಿದ್ದರು. ಮಣ್ಣಿನಲ್ಲಿ ಅಲ್ಲ, ಗಾಜಿನ ಬಾಟ್ಲಿಯಲ್ಲಿ. ಒಳ್ಳೆಯ ಗಿಡದ ಕಂದಿನಿಂದ ಒಂದು ಚೂರು ತೆಗೆದು, ಔಷಧಿ ಹಾಕಿದ ಅಂಟಿನಂಥ ಆಹಾರದ ಮೇಲೆ ಕೂರಿಸಿ, ಟ್ಯೂಬ್‌ಲೈಟ್ ಕೆಳಗೆ ಇಟ್ಟರೆ ಅದು ಒಡೆದು ನಾಲ್ಕಾಗಿ ಎಂಟಾಗಿ ಬೆಳೆಯುತ್ತದೆ. ಆದರೆ ಕೋಣೆ ತಂಪಾಗಿರಬೇಕು, ಅದಕ್ಕೇ ಎಸಿ ಹಾಕಿಸಿದ್ದರು. ಸೆಕೆಯಾದರೆ ಬಾಟ್ಲಿಯೊಳಗೆ ಬೂಷ್ಟು ಬಂದು ಎಲ್ಲಾ ಕಪ್ಪಾಗುತ್ತದೆ. ಅಲ್ಲಿ ಕೆಲಸಕ್ಕಿದ್ದ ಹೆಣ್ಣುಮಕ್ಕಳಿಗೆ ಅಕ್ಕನೇ ಹಿರಿಯಳು. ಹೊಲದ ಕಳೆ ಬಿಟ್ಟು ಎಸಿಯ ತಂಪಿನಲ್ಲಿ ಕುಳಿತು ಮಾಡುವ ಕೆಲಸ, ತಲೆಗೆ ಬಿಳಿ ಟೋಪಿ. ಬಾಟ್ಲಿಗಳಿಗೆ ಅವರು 'ಕೂಸು' ಅನ್ನುತ್ತಿದ್ದರು.

ಒಂದು ಬೇಸಿಗೆಯಲ್ಲಿ ಕರೆಂಟು ಹೋಗಿ ಧಡಕ್ಕನೆ ಬಂತು. ಎಸಿ ಸತ್ತಿತು. ಅಕ್ಕ ಎಸ್‌ಟಿಡಿ ಬೂತಿನಿಂದ ಫೋನ್ ಮಾಡಿ ಎರಡೇ ಮಾತು ಹೇಳಿದಳು. ಚೀಲ ಹೆಗಲಿಗೆ ಹಾಕಿ ಬಸ್ ಹತ್ತಿದೆ.

ಬೋರ್ಡು ಬಿಚ್ಚಿದಾಗ ಸುಟ್ಟ ವಾಸನೆ ಮುಖಕ್ಕೆ ಹೊಡೆಯಿತು. ಟ್ರಾನ್ಸ್‌ಫಾರ್ಮರ್ ಹೋಗಿತ್ತು, ಬೇರೆ ಹಾಕಿದೆ. ಮೀಟರ್ ಹಿಡಿದರೆ ವೋಲ್ಟೇಜು ಸರಿಯಾಗಿ ಬಂತು. ನನಗೆ ಜೀವ ಬಂತು. ಆಮೇಲೆ ಮುಖ್ಯ ಐಸಿಯ ಮೇಲೆ ಬೆರಳಿಟ್ಟೆ. ಕೆಂಡ. ಅದೂ ಹೋಗಿತ್ತು. ಆ ಐಸಿಯೊಳಗೆ ಕಂಪನಿಯವರು ತಮ್ಮ ಪ್ರೋಗ್ರಾಂ ತುಂಬಿರುತ್ತಾರೆ, ಖಾಲಿ ಐಸಿ ತಂದು ಹಚ್ಚಿದರೆ ಪ್ರಯೋಜನವಿಲ್ಲ. ಹೈದರಾಬಾದಿನ ಡೀಲರಿಗೆ ಫೋನ್ ಮಾಡಿದರೆ, ಆ ಮಾಡೆಲ್ ಬೋರ್ಡು ಮುಂಬೈಯಿಂದ ಬರಬೇಕು, ಮಾಲು ಇಲ್ಲ, ಮಳೆಗಾಲ ಆದೀತು ಅಂದ. ಕಲಬುರಗಿ ಹೊರಗಿನ ಕಪನೂರಿನ ವರ್ಕ್‌ಶಾಪ್‌ಗಳಿಗೆ ಅಲೆದೆ, ಸೆಕೆ ನೋಡಿ ತಾನೇ ಚಾಲೂ ಬಂದ್ ಮಾಡುವ ಹಳೇ ಕಿಟಕಿ ಎಸಿಯ ಥರ್ಮೋಸ್ಟಾಟ್ ಆದರೂ ಸಿಕ್ಕೀತು ಅಂತ. ಬಿಸಿಲಿನ ಸೀಜನ್, ಇದ್ದುದೆಲ್ಲ ಖರ್ಚಾಗಿತ್ತು. ಗುಜರಿಯಲ್ಲಿ ಸಿಕ್ಕ ಒಂದರ ನಳಿಗೆ ಸೀಳಿ ಗ್ಯಾಸು ಹೋಗಿತ್ತು. ಅಂಥ ಬಿಸಿಲಿನಲ್ಲಿ ಕಪನೂರಿನ ರಸ್ತೆಬದಿ ನಿಂತು ನನಗೆ ಅಳು ಬಂದಿತ್ತು.

ಸಾವ್ಕಾರ್ರು ಪಡಸಾಲೆಯಲ್ಲಿ ಕುಳಿತಿದ್ದರು. ಬಿರುಸಾಗಿ ಮಾತಾಡುವ ಮನುಷ್ಯ ಅಲ್ಲ.

"ನೋಡ್ರಿ ಮಾಸ್ತರ," ಅಂದರು. ಓದಿದವರನ್ನೆಲ್ಲ ಅವರು ಮಾಸ್ತರ ಅಂತಲೇ ಕರೆಯುವುದು. "ನನ್ನ ಮಕ್ಕಳು ಈ ಕೋಣಿ ಸಿಮೆಂಟ್ ಗೋದಾಮಿಗೆ ಬೇಕು ಅಂತ ಕುಂತಾರ. ಈ ಸಲದ ಕೂಸು ಹ್ವಾದ್ರ ನನ್ನ ಕೈಲಿ ಅವರಿಗೆ ಉತ್ರ ಕೊಡ್ಲಿಕ್ಕ ಆಗಂಗಿಲ್ಲ."

ಅಂದರೆ ಅಕ್ಕ ಮತ್ತೆ ಬುಟ್ಟಿ ಹೊರಬೇಕು. ಅವಳು ಒಳಗಿಂದ ಕೇಳಿಸಿಕೊಂಡಳು. ನನ್ನ ಹತ್ತಿರ ಬಂದು ಮೆಲ್ಲಗೆ, "ನೀ ಕಲ್ತಿದ್ದು ಇಷ್ಟಕ್ಕೇ ಮುಗೀತೇನೊ ತಮ್ಮಾ?" ಅಂದಳು. ಬೈಗುಳ ಆಗಿದ್ದರೆ ತಡೆದುಕೊಳ್ಳಬಹುದಿತ್ತು. ಅವಳು ನಿಜವಾಗಿಯೂ ಕೇಳುತ್ತಿದ್ದಳು.

ಬೋರ್ಡು ಬೇಡ ಅಂತ ನಿರ್ಧಾರ ಮಾಡಿದೆ. ಬೋರ್ಡು ಮಾಡುವುದಾದರೂ ಏನು? ಸೆಕೆಯಾದರೆ ಕಂಪ್ರೆಸರ್ ಚಾಲೂ ಮಾಡುತ್ತದೆ, ತಂಪಾದರೆ ಬಂದ್ ಮಾಡುತ್ತದೆ. ಅದನ್ನು ಮನುಷ್ಯರು ಮಾಡಬೇಕು. ಸಾವ್ಕಾರ್ರ ಹೊಲದಲ್ಲಿ ಸಿಂಗಲ್ ಫೇಸ್ ಮೋಟರಿನ ಹಳೇ ಸ್ಟಾರ್ಟರ್ ಬಿದ್ದಿತ್ತು, ಹಸಿರು ಗುಂಡಿ, ಕೆಂಪು ಗುಂಡಿ. ಅದರ ಕಾಂಟ್ಯಾಕ್ಟ್ ಉಜ್ಜಿ ಕಂಪ್ರೆಸರಿಗೆ ಜೋಡಿಸಿದೆ. ಒಳಗಿನ ಗಾಳಿಯ ಫ್ಯಾನು ನೇರವಾಗಿ ತಿರುಗುವಂತೆ ಮಾಡಿದೆ. ಗೋಡೆಗೆ ಥರ್ಮಾಮೀಟರ್ ತೂಗುಹಾಕಿ ಎರಡು ಕಡೆ ದಾರ ಕಟ್ಟಿದೆ. ಪಾದರಸ ಮೇಲಿನ ದಾರ ಮುಟ್ಟಿದರೆ ಹಸಿರು, ಕೆಳಗಿನ ದಾರಕ್ಕೆ ಇಳಿದರೆ ಕೆಂಪು. ಕೆಂಪು ಒತ್ತಿದ ಮೇಲೆ ಗಡಿಯಾರದ ದೊಡ್ಡ ಮುಳ್ಳು ಒಂದು ಅಂಕಿಯಿಂದ ಮುಂದಿನ ಅಂಕಿಗೆ ಹೋಗುವ ತನಕ ಹಸಿರು ಮುಟ್ಟಬಾರದು, ಮುಟ್ಟಿದರೆ ಕಂಪ್ರೆಸರ್ ಜಾಮ್ ಆಗುತ್ತದೆ.

ಬೆಳಿಗ್ಗೆಯಿಂದ ಹೊತ್ತು ಮುಳುಗುವ ತನಕ ಯಾರಾದರೂ ಅದರ ಮುಂದೆ ಕೂರಬೇಕಿತ್ತು; ರಾತ್ರಿ ಟ್ಯೂಬ್‌ಲೈಟ್ ಆರಿಸಿದರೆ ಕಲ್ಲಿನ ಕೋಣೆ ಅಷ್ಟಾಗಿ ಕಾಯುತ್ತಿರಲಿಲ್ಲ. ನಮ್ಮ ಕಡೆ ಬಾವಿ ನೀರಿಗೆ ಪಾಳಿ ಇರುತ್ತದೆ. ಒಂದೇ ಬಾವಿ, ನಾಲ್ಕು ಮನೆ. ಮುಂದಿನವರು ಬಂದು ಸ್ಟಾರ್ಟರಿಗೆ ಕೈ ಹಚ್ಚುವ ತನಕ ಹಿಂದಿನವರು ಜಾಗ ಬಿಡುವ ಹಾಗಿಲ್ಲ. ಹಾಗೇ ಮಾಡೋಣ ಅಂದೆ. ಹೆಣ್ಣುಮಕ್ಕಳಿಗೆ ಬಿಡಿಸಿ ಹೇಳುವ ಕೆಲಸವೇ ಬೀಳಲಿಲ್ಲ. ಯಾರ ಪಾಳಿ ಯಾರ ಹಿಂದೆ ಅನ್ನುವುದಕ್ಕೆ ಜಗಳವನ್ನೂ ಆಡಿ ಮುಗಿಸಿದರು. ಒಬ್ಬಾಕೆ, ಗಂಡನ ಮನೆಯಲ್ಲಿ ಇಷ್ಟು ತಣ್ಣಗೆ ಯಾರೂ ಕೂರಿಸಲಿಲ್ಲ, ನನಗೆ ಎರಡು ಪಾಳಿ ಇರಲಿ ಅಂದಳು. ಕೋಣೆ ತಂಪಾಯಿತು. ನಾನು ಕಲಬುರಗಿಗೆ ಮರಳಿದೆ.

ಮತ್ತೆ ಫೋನ್ ಬಂತು. ಎಸಿ ಓಡುತ್ತಿದೆ, ತಂಪಿಲ್ಲ.

ಹೋಗಿ ಮುಚ್ಚಳ ತೆಗೆದೆ. ಒಳಗಿನ ಕಾಯಿಲ್ ಮೇಲೆ ಮಂಜುಗಡ್ಡೆ ಕಟ್ಟಿ ಪೂರಾ ಬಿಳಿ ಬರ್ಫದ ಗೋಡೆಯಾಗಿತ್ತು. ಗಾಳಿ ಆಚೆ ಬರಲು ಸಂದಿಯೇ ಇಲ್ಲ. ಬರ್ಫ ಕಟ್ಟಿದರೆ ತಾನೇ ನಿಲ್ಲಿಸುವ ಸೆನ್ಸರು ಬೋರ್ಡಿನ ಜೊತೆಗೇ ಹೋಗಿತ್ತು. ದಾರಕ್ಕೆ ಇಳಿದ ಕೂಡಲೇ ಕೆಂಪು ಒತ್ತಿದರೆ ಹೀಗಾಗುವುದಿಲ್ಲವಲ್ಲ ಅಂತ ಕೇಳಿದೆ. ಎರಡು ಪಾಳಿ ಕೇಳಿದ್ದಾಕೆಯೇ ಹೇಳಿದಳು.

"ನೀರಿನ ಪಾಳ್ಯಾಗ ಮುಂದಿನವ್ರಿಗಿ ಒಂದ್ ಸಾಲು ಹೆಚ್ಗಿ ಬಿಡ್ತೀವಲ್ರಿ ಅಣ್ಣಾ. ಹಂಗ ಬಿಟ್ಟೀವಿ."

ನನಗೆ ಗೊತ್ತಿದ್ದ ಪದ್ಧತಿಯೇ. ಪಾಳಿ ಮುಗಿದ ಕೂಡಲೇ ಮೋಟರ್ ಬಂದ್ ಮಾಡುವವರನ್ನು ಊರಲ್ಲಿ ಜುಗ್ಗರು ಅನ್ನುತ್ತಾರೆ. ಬೆಳಗಿನಿಂದ ಪ್ರತಿಯೊಬ್ಬಳೂ ಮುಂದಿನವಳಿಗಾಗಿ, ಕೂಸುಗಳಿಗಾಗಿ, ಕೆಳಗಿನ ದಾರ ದಾಟಿದ ಮೇಲೂ ಸ್ವಲ್ಪ ಹೆಚ್ಚಿಗೆ ತಂಪು ಬಿಟ್ಟಿದ್ದಳು. ಜುಗ್ಗಿ ಅನ್ನಿಸಿಕೊಳ್ಳಲು ಒಬ್ಬಳೂ ತಯಾರಿರಲಿಲ್ಲ.

ಬರ್ಫ ಕರಗುವ ತನಕ ಕಂಪ್ರೆಸರ್ ಮುಟ್ಟುವಂತಿರಲಿಲ್ಲ. ಹೊರಗೆ ನಡು ಮಧ್ಯಾಹ್ನ. ಪಾದರಸ ಮೇಲಿನ ದಾರ ದಾಟಿ ಏರಿತು. ಬರ್ಫ ಕರಗಿದ ನೀರು ಬಾಟ್ಲಿ ಜೋಡಿಸಿದ್ದ ಮೇಲಿನ ಹಲಗೆಗಳ ಮೇಲೆ ತೊಟ್ಟಿಕ್ಕತೊಡಗಿತು. ಮೇಲಿನ ಬಾಟ್ಲಿಗಳನ್ನು ಇಳಿಸಿ ತಣ್ಣನೆಯ ಶಹಾಬಾದ್ ಕಲ್ಲಿನ ನೆಲದ ಮೇಲೆ ಸಾಲಾಗಿ ಇಟ್ಟೆವು. ನೆಲ ತುಂಬಿತು, ಬಾಟ್ಲಿ ಉಳಿದವು. ಯಾವುದನ್ನು ನೆಲಕ್ಕೆ ಇಳಿಸುವುದು, ಯಾವುದನ್ನು ಮೇಲೇ ಬಿಡುವುದು ಅಂತ ಅಕ್ಕನೇ ಹೇಳುತ್ತಿದ್ದಳು. ಬಿಡು ಅನ್ನುವಾಗ ಬಾಟ್ಲಿಯ ಕಡೆ ನೋಡುತ್ತಿರಲಿಲ್ಲ. ಬಾಗಿಲಿಗೆ ಒದ್ದೆ ಗೋಣಿತಟ್ಟು ಕಟ್ಟಿದೆವು. ನಾನು ಕಾಯಿಲಿಗೆ ಟೇಬಲ್ ಫ್ಯಾನು ಹಿಡಿದು ನಿಂತೆ. ಅದಕ್ಕಿಂತ ಹೆಚ್ಚಿನದೇನೂ ನನ್ನ ಡಿಗ್ರಿಯಲ್ಲಿ ಇರಲಿಲ್ಲ.

ಕೆಲವು ದಿನಗಳಲ್ಲಿ ಮೇಲಿನ ಹಲಗೆಗಳೆಲ್ಲ ಕಪ್ಪಾದವು. ನಡುವಿನವೂ. ಬಾಟ್ಲಿಯ ಗಾಜಿಗೆ ಒಳಗಿಂದ ಬೂದಿ ಬಳಿದಂತೆ ಬೂಷ್ಟು. ನೆಲದ ಮೇಲಿದ್ದವು ಮಾತ್ರ ಹಸಿರಾಗಿದ್ದವು, ಅವೂ ಎಲ್ಲ ಅಲ್ಲ.

ಸಾವ್ಕಾರ್ರು ಬರುತ್ತಾರೆ ಅಂತ ಗೊತ್ತಾದಾಗ ನಾನೂ ಹೋಗಿದ್ದೆ. ಅವರು ಚಪ್ಪಲಿ ಹೊರಗೆ ಬಿಟ್ಟು, ಕೈ ತೊಳೆದು ಒಳಗೆ ಬಂದರು. ಹಿಂದೆ ಹಿರಿಯ ಮಗ, ಬಾಗಿಲಲ್ಲೇ ನಿಂತ, ಕೋಣೆಯ ಅಗಲ ಕಣ್ಣಲ್ಲೇ ಅಳೆಯುತ್ತ. ಸಾವ್ಕಾರ್ರು ಕಪ್ಪು ಬಾಟ್ಲಿಗಳನ್ನು ಸಾಲು ಸಾಲಾಗಿ ನೋಡುತ್ತ ಬಂದರು. ಆಮೇಲೆ ಮಂಡಿಯೂರಿ ನೆಲದ ಮೇಲಿನ ಒಂದನ್ನು ಎತ್ತಿ ಬೆಳಕಿಗೆ ಹಿಡಿದರು.

"ಇಷ್ಟರಿಂದ ಮತ್ತ ಆಗ್ತದೇನವ್ವಾ?"

"ಒಂದು ಉಳಿದ್ರೂ ಆಗ್ತದ್ರಿ," ಅಂದಳು ಅಕ್ಕ. "ತಡಾ ಆಗ್ತದ."

"ಎಷ್ಟು ತಡಾ?"

"ಬಾಟ್ಲಿ ತೊಳಿಲಿಕ್ಕ ಇವತ್ತೇ ಕುಂತ್ರ, ಅಷ್ಟು ಕಮ್ಮಿ."

ಮಗ ಏನೋ ಹೇಳಲು ಬಾಯಿ ತೆರೆದ. ಸಾವ್ಕಾರ್ರು ಬಾಟ್ಲಿ ಇದ್ದಲ್ಲೇ ಇಟ್ಟು, ಮೊಣಕಾಲು ಹಿಡಿದು ಎದ್ದು, "ಹಂಡೇದಾಗ ನೀರ್ ಕಾಸ್ಲಿಕ್ಕ ಹೇಳು," ಅಂದರು ಅವನಿಗೆ.

ಹೆಣ್ಣುಮಕ್ಕಳು ಕಪ್ಪು ಬಾಟ್ಲಿಗಳನ್ನು ಬುಟ್ಟಿಗೆ ತುಂಬಿ ಹಿತ್ತಲಿಗೆ ಹೊತ್ತರು. ಯಾರ ಕೈಯೂ ಖಾಲಿ ಇರಲಿಲ್ಲ. ಪಾದರಸ ಕೆಳಗಿನ ದಾರಕ್ಕೆ ಇಳಿಯುತ್ತಿತ್ತು. ನಾನು ಸ್ಟಾರ್ಟರಿನ ಮುಂದೆ ಕುಳಿತೆ. ದಾರಕ್ಕೆ ಮುಟ್ಟಿದ ಕೂಡಲೇ ಕೆಂಪು ಒತ್ತಿದೆ, ಒಂದು ಕೂದಲೆಳೆಯಷ್ಟೂ ಹೆಚ್ಚಿಗೆ ಬಿಡಲಿಲ್ಲ.