ಹಳ್ಳದ ನೀರೆಂದು ಒಯ್ದ ಬಾಟಲಿ

ಕಮಲಾಪುರದ ನಮ್ಮ ಮನೆಯ ಹಿಂದಿನ ಹಳ್ಳದ ನೀರನ್ನು ತಂಗಿ ಮತ್ತು ಅವಳ ಶಾಲೆಯ ಮಕ್ಕಳು ವಾರಕ್ಕೊಮ್ಮೆ ಪರೀಕ್ಷಿಸುತ್ತಿದ್ದರು. ಕಾಗದದ ಪಟ್ಟಿಯನ್ನು ಅದ್ದಿದರೆ, ನೀರು ಹೊಲಸಾಗಿದ್ದಷ್ಟೂ ಬಣ್ಣ ಗಾಢವಾಗುತ್ತಿತ್ತು. ನಾಲ್ಕನೆಯ ತರಗತಿಗೇ ಶಾಲೆ ಬಿಟ್ಟ ನನಗೆ ಅದೆಲ್ಲ ಹುಡುಗಾಟವಾಗಿ ಕಾಣುತ್ತಿತ್ತು.

ತಾನು ಕಾಯಿಲೆ ಬಿದ್ದು ಕಲಬುರಗಿಯ ಆಸ್ಪತ್ರೆ ಸೇರಿದ ಮೇಲೂ, ವಾರ ತಪ್ಪಬಾರದೆಂದು ತಂಗಿ ನನ್ನ ಕೈಗೆ ಬಾಟಲಿ ಕೊಟ್ಟಳು.

"ಮೊದಲ ಹಳ್ಳದ ನೀರಿಲೇ ತೊಳಿ, ಆಮ್ಯಾಲ ತುಂಬು. ಮೈಗಳ್ಳತನ ಮಾಡಬ್ಯಾಡ."

ಮರುದಿನ ಆ ಹೊಲಸಿಗೆ ಇಳಿಯಲು ಹೇಸಿ, ಬಸ್ ನಿಲ್ದಾಣದ ನಲ್ಲಿಯಲ್ಲಿ ತುಂಬಿಸಿಕೊಂಡು ಹೋದೆ.

ಮಂಚದ ಮೇಲೆ ಕುಳಿತೇ ಅವಳು ಪಟ್ಟಿ ಅದ್ದಿದಳು. ಬಣ್ಣ ತಿರುಗಲಿಲ್ಲ.

"ಅಣ್ಣಾ, ಹಳ್ಳದಾಗಿಂದೇ ತಂದೀದೇನು?"

"ಮತ್ತೆಲ್ಲಿಂದ ತರ್ಲಿ?"

"ಹಂಗಾರ ನಮ್ಮ ಹಳ್ಳ ಹಸನಾಗ್ಯಾದ. ಮನಿಗಿ ಬಂದ ಕೂಡ್ಲೇ ಅದರಾಗ ಕಾಲು ಬಿಟ್ಟು ಕುಂದರ್ತೀನಿ. ನೀನೂ ಬಾ."

ಬರುತ್ತೇನೆ ಎಂದೆ.

ತಂಗಿ ಮನೆಗೆ ಬರಲೇ ಇಲ್ಲ. ಅದೇ ಆಸ್ಪತ್ರೆಯಲ್ಲಿ ತೀರಿಕೊಂಡಳು.

ಅವಳ ಗೆಳತಿಯರು ಈಗಲೂ ವಾರವಾರ ಬರುತ್ತಾರೆ. ಪಟ್ಟಿ ಅದ್ದಿದೊಡನೆ ಗಾಢವಾಗುತ್ತದೆ. ಅವರಿಗಾಗಿ ಹಳ್ಳಕ್ಕೆ ಇಳಿಯುವವನು ನಾನೇ. ಬಾಟಲಿಯನ್ನು ಮೊದಲು ಹಳ್ಳದ ನೀರಿನಿಂದಲೇ ತೊಳೆಯುತ್ತೇನೆ.